ಹಾಲಿನ ಸಾಲು, ಒಂಬತ್ತು ಪಿನ್ನಿನ ವೈರು

ಹೋದ ವಾರ ಕುದೂರಿನ ಕಡೆಯವರೊಬ್ಬರು ಒಂದು ಕೇಬಲ್ ತಂದು ನನ್ನ ಮೇಜಿನ ಮೇಲೆ ಹಾಕಿದರು. ‘ಇದು ಮಾತಾಡ್ತಾ ಇಲ್ಲ ಸಾಬ್ರೆ, ಒಸಿ ನೋಡಿ’ ಎಂದರು. ಒಂಬತ್ತು ಪಿನ್ನಿನ ಹಳೆಯ ಸೀರಿಯಲ್ ಕೇಬಲ್. ತುದಿಯ ಪ್ಲಾಸ್ಟಿಕ್ ಚಿಪ್ಪಿನ ಸ್ಕ್ರೂ ಬಿಚ್ಚಿ ಬಾಯಿ ತೆರೆದೆ. ಒಣಗಿ ಹಳದಿಗಟ್ಟಿದ ಹಾಲಿನ ಹುಳಿ ವಾಸನೆ ಮೂಗಿಗೆ ಹೊಡೆಯಿತು. ಯಾವುದೋ ಹಾಲಿನ ಸಂಘದ್ದು ಎಂದು ಕೇಳದೆಯೇ ಗೊತ್ತಾಯಿತು. ಕಿತ್ತುಹೋಗಿದ್ದ ಎಳೆಯನ್ನು ಬೆಸುಗೆ ಹಾಕಿ ಕಳಿಸಿದೆ. ಕೇಬಲ್ ಹೋಯಿತು, ವಾಸನೆ ಅಂಗಡಿಯಲ್ಲೇ ಉಳಿಯಿತು. ಅದರ ಜೊತೆಗೆ ನಾಲ್ಕು ವರ್ಷದ ಹಿಂದಿನ ಒಂದು ಚಳಿಗಾಲವೂ ಬಂದು ಕೂತಿತು. ಆಯುಧಪೂಜೆಯಿಂದ ಸಂಕ್ರಾಂತಿಯವರೆಗಿನ ಮೂರು ತಿಂಗಳು. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನನ್ನ ಅಂಗಡಿ ಇರುವುದು ರಾಮನಗರದಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ. ಅಬ್ಬಾ ರೀಲಿಂಗ್ ಮಾಡುತ್ತಿದ್ದರು. ಬಿಸಿನೀರಿನ ಬಾಣಲೆಯಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿಗಳು ಬೆಂದು ಬಿಳಿಚಿಕೊಂಡಿದ್ದವು. ನಾನು ರೇಷ್ಮೆ ಬಿಟ್ಟು ವೈರು ಹಿಡಿದೆ. ತೂಕದ ಯಂತ್ರ, ಹಾಲು ಪರೀಕ್ಷಿಸುವ ಯಂತ್ರ, ಬಿಲ್ಲು ಮುದ್ರಿಸುವ ಯಂತ್ರ, ಇವನ್ನೆಲ್ಲ ಕಂಪ್ಯೂಟರಿಗೆ ಜೋಡಿಸುವ ಕೇಬಲ್ ಕಟ್ಟುವುದು ನನ್ನ ಕಸುಬು. ಊರಿನವರು ಕೇಬಲ್ ಸಾಬ್ರು ಎನ್ನುತ್ತಾರೆ. ಟಿವಿ ಕೇಬಲ್ ಎಂದು ತಿಳಿದು ಬರುವವರೂ ಇದ್ದಾರೆ. ಅವರನ್ನು ಬೈದು ಕಳಿಸುವುದೂ ನನ್ನ ಕಸುಬಿನ ಭಾಗವೇ.

‘ಸ್ಟ್ಯಾಂಡರ್ಡ್’ ಎಂಬ ಪದ ಕೇಳಿದರೆ ನನಗೆ ನಗು ಬರುತ್ತದೆ. ಒಂಬತ್ತು ಪಿನ್ನಿನ ಈ ಜೋಡಣೆಗೆ ಸ್ಟ್ಯಾಂಡರ್ಡ್ ಇದೆಯಂತೆ. ಇದೆ, ಪುಸ್ತಕದಲ್ಲಿ. ಒಂಬತ್ತು ಪಿನ್ನಿನಲ್ಲಿ ನಿಜವಾಗಿ ಬೇಕಾದವು ಮೂರು. ಒಂದು ಹೇಳುವುದಕ್ಕೆ, ಒಂದು ಕೇಳುವುದಕ್ಕೆ, ಒಂದು ನೆಲಕ್ಕೆ. ಉಳಿದ ಆರು ಹೆಚ್ಚು ಕಡಿಮೆ ಅಲಂಕಾರಕ್ಕೆ. ಮೂರೇ ಮೂರು ವೈರಿನ ವಿಷಯದಲ್ಲೂ ಯಂತ್ರ ಮಾಡುವ ಮಹಾನುಭಾವರು ಒಮ್ಮತಕ್ಕೆ ಬಂದಿಲ್ಲ. ಒಬ್ಬನ ಯಂತ್ರ ಎರಡನೆಯ ಪಿನ್ನಿನಲ್ಲಿ ಹೇಳುತ್ತದೆ, ಇನ್ನೊಬ್ಬನದು ಮೂರನೆಯದರಲ್ಲಿ. ನೇರವಾಗಿ ಜೋಡಿಸಿದರೆ ಇಬ್ಬರೂ ಒಂದೇ ವೈರಿನಲ್ಲಿ ಕಿರುಚುತ್ತಾರೆ, ಕೇಳುವವರೇ ಇರುವುದಿಲ್ಲ, ಥೇಟ್ ನಮ್ಮ ಸಹಕಾರ ಸಂಘಗಳ ಸರ್ವಸದಸ್ಯರ ಸಭೆಯ ಹಾಗೆ. ಆಗ ನಾನು ಎರಡು ವೈರನ್ನು ಅದಲುಬದಲು ಮಾಡಿ ಬೆಸುಗೆ ಹಾಕಬೇಕು. ನನ್ನ ಅನ್ನ ಇರುವುದು ಅವರ ಆ ದಡ್ಡತನದಲ್ಲಿ.

ಇದನ್ನು ಸರಿಪಡಿಸುತ್ತೇವೆಂದು ಬಂದದ್ದು ಯುಎಸ್‌ಬಿ. ಹೆಸರಿನಲ್ಲೇ ಯೂನಿವರ್ಸಲ್. ಜಗತ್ತಿಗೆಲ್ಲ ಒಂದೇ ಎಂದು ಹೇಳಿ ಚಪ್ಪಟೆಯದೊಂದು, ಚೌಕದ್ದೊಂದು, ಸಣ್ಣದೊಂದು, ಸಣ್ಣದಕ್ಕಿಂತ ಸಣ್ಣದೊಂದು ಮಾಡಿದರು. ಚಪ್ಪಟೆಯದು ಒಂದು ಸಲ ತೂರಿಸಿದರೆ ಹೋಗುವುದಿಲ್ಲ, ತಿರುಗಿಸಿದರೂ ಹೋಗುವುದಿಲ್ಲ, ಮತ್ತೆ ಮೊದಲಿನಂತೆ ತಿರುಗಿಸಿದರೆ ಹೋಗುತ್ತದೆ. ಯಾವ ಕಡೆಯಿಂದಲಾದರೂ ಹೋಗುವ ತುದಿಯೊಂದನ್ನು ಮಾಡಲು ಈ ಜಾಣರಿಗೆ ಎಷ್ಟೋ ವರ್ಷ ಬೇಕಾಯಿತು. ಹಳೆಯ ಒಂಬತ್ತು ಪಿನ್ನಿಗೆ ಎರಡು ಕಡೆ ಸ್ಕ್ರೂ ಇರುತ್ತಿತ್ತು. ಬಿಗಿ ಮಾಡಿದರೆ ಹಸು ಒದ್ದರೂ ಕಳಚುತ್ತಿರಲಿಲ್ಲ. ಅದರ ಬಗ್ಗೆ ನಾನು ಆಡುವ ಒಳ್ಳೆಯ ಮಾತು ಅಷ್ಟೇ.

ಆ ವರ್ಷ ಬೆಂಗಳೂರಿನ ಒಂದು ಕಂಪನಿ ನಮ್ಮ ಕಡೆಯ ನಲವತ್ತು ಹಾಲಿನ ಸಂಘಗಳಿಗೆ ಹೊಸ ಕಂಪ್ಯೂಟರ್ ಕೊಡುವ ಗುತ್ತಿಗೆ ಹಿಡಿದಿತ್ತು. ಹೊಸ ಕಂಪ್ಯೂಟರಿನಲ್ಲಿ ಒಂಬತ್ತು ಪಿನ್ನಿನ ತೂತೇ ಇಲ್ಲ, ಬರೀ ಯುಎಸ್‌ಬಿ. ಸಂಘಗಳಲ್ಲಿದ್ದ ಹಾಲು ಪರೀಕ್ಷೆಯ ಯಂತ್ರಗಳೋ ಹಳೆಯವು, ಅವಕ್ಕೆ ಒಂಬತ್ತು ಪಿನ್ನು ಬಿಟ್ಟರೆ ಬೇರೆ ಭಾಷೆ ಬಾರದು. ನಡುವೆ ದುಭಾಷಿಯಾಗಿ ಕಂಪನಿಯವರು ಹೆಬ್ಬೆರಳು ಗಾತ್ರದ ಒಂದು ನೀಲಿ ಡಬ್ಬಿ ಕಳಿಸಿದರು. ಕನ್ವರ್ಟರ್. ಇದ್ದವುಗಳಲ್ಲೇ ಅಗ್ಗದ್ದು. ಒಂದನ್ನು ಒಡೆದು ನೋಡಿದ್ದೆ. ಒಳಗಿದ್ದದ್ದು ನಕಲಿ ಚಿಪ್. ಮ್ಯಾನೇಜರನಿಗೆ ಫೋನು ಮಾಡಿ ಹೇಳಿದರೆ, ‘ನಿಮ್ಗೆ ಹಾಕೋಕೆ ಹೇಳಿರೋದು, ಒಡೆಯೋಕಲ್ಲ’ ಎಂದ. ನಾನು ಹಾಕಿದೆ. ನಲವತ್ತು ಕಡೆಯೂ ಹಾಕಿದೆ. ಎಲ್ಲ ಸರಿಯಿದೆ ಎಂದು ನಲವತ್ತು ಕಾಗದಕ್ಕೆ ಸಹಿಯನ್ನೂ ಹಾಕಿದೆ.

ಅದರಲ್ಲೊಂದು ಕೂಟಗಲ್ ಕಡೆಯ ಒಂದು ಹಳ್ಳಿ. ಹೆಸರು ಬೇಡ, ಅಲ್ಲಿಯವರಿಗೆ ಗೊತ್ತು. ಆಯುಧಪೂಜೆಯ ದಿನವೇ ಹೊಸ ಕಂಪ್ಯೂಟರ್ ಶುರುವಾಗಬೇಕೆಂದು ಸಂಘದ ಅಧ್ಯಕ್ಷ ನಂಜೇಗೌಡರು ಹಠ ಹಿಡಿದಿದ್ದರು. ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ಕಂಪ್ಯೂಟರಿಗೂ ಹಾಲಿನ ಯಂತ್ರಕ್ಕೂ ವಿಭೂತಿಯ ಮೂರು ಪಟ್ಟೆ ಎಳೆದು, ಮೇಲೆ ಅಂಗೈಯಗಲ ಕುಂಕುಮ ಇಟ್ಟರು. ಹಾಲಿನ ಯಂತ್ರದ ಹಣೆಯೆಂದು ಅವರು ತಿಳಿದದ್ದು ಅದರ ಪುಟ್ಟ ಗಾಜಿನ ಕಿಟಕಿಯನ್ನು. ಪರೀಕ್ಷೆಯಾದ ಹಾಲಿನ ಫ್ಯಾಟು, ಅಂದರೆ ಕೊಬ್ಬಿನ ಅಂಶ, ಮೊದಲು ಮೂಡುವುದು ಆ ಕಿಟಕಿಯಲ್ಲೇ. ಅದು ಪೂರ್ತಿ ಮುಚ್ಚಿಹೋಯಿತು. ನನಗೆ ಕಂಡಿತು. ಆದರೆ ಪೂಜೆಯ ಕುಂಕುಮ ಒರೆಸಿದ ಸಾಬಿ ಎಂಬ ಬಿರುದು ನನಗೆ ಬೇಕಿರಲಿಲ್ಲ. ಹೇಗೂ ಎಲ್ಲರೂ ನೋಡುವುದು ಕಂಪ್ಯೂಟರಿನ ದೊಡ್ಡ ಪರದೆಯನ್ನೇ ಎಂದುಕೊಂಡು, ಕೊಟ್ಟ ಪುರಿ ಬೆಲ್ಲ ತಿಂದು ಬಂದೆ. ಮಾರನೆಯ ದಿನ ಬೇರೆ ಯಾರಾದರೂ ಒರೆಸಬಹುದಿತ್ತು. ದೇವರಿಗಿಟ್ಟದ್ದನ್ನು ಒರೆಸುವವರು ಯಾರು?

ಆ ಊರಿನ ಹಾಲಿನ ಸಾಲಿನ ಬಗ್ಗೆ ಹೇಳಲೇಬೇಕು. ಬೇರೆ ಊರುಗಳಲ್ಲಿ ಮೊದಲು ಬಂದವರು ಮೊದಲು. ಇಲ್ಲಿ ಹಾಗಲ್ಲ. ಸಂಘ ಹುಟ್ಟಿದ ದಿನ ಯಾರ ಮನೆಯ ಕ್ಯಾನು ಎಲ್ಲಿತ್ತೋ ಇವತ್ತಿಗೂ ಅಲ್ಲೇ. ಅಪ್ಪ ಸತ್ತರೆ ಮಗ ಅದೇ ಜಾಗದಲ್ಲಿ ನಿಲ್ಲುತ್ತಾನೆ. ಜಮೀನು ಭಾಗವಾದಾಗ ಸಾಲಿನ ಜಾಗ ಯಾರಿಗೆಂದು ಪಂಚಾಯ್ತಿ ಮಾಡಿಕೊಂಡವರಿದ್ದಾರೆ. ಜ್ವರ ಬಂದು ಮಲಗಿದರೂ ಕ್ಯಾನಿನ ಮುಚ್ಚಳವನ್ನಾದರೂ ಕಳಿಸಿ ಜಾಗ ಹಿಡಿಸುತ್ತಾರೆ. ಇಂಥ ಘನಂದಾರಿ ಸಾಲಿನಲ್ಲಿ ಮೊದಲು ಮರಿಯಣ್ಣ ಎಂಬ ಮುದುಕರು, ಅವರ ಹಿಂದೆ ನಂಜೇಗೌಡರು, ಅವರ ಹಿಂದೆ ಚಿಕ್ಕತಾಯಮ್ಮ, ಅವರ ಹಿಂದೆ ಚಿಕ್ಕತಾಯಮ್ಮನ ಓರಗಿತ್ತಿ ಜಯಮ್ಮ. ಅದರಾಚೆ ಇಡೀ ಊರು.

ಚಿಕ್ಕತಾಯಮ್ಮನಿಗೆ ಐವತ್ತರ ಆಸುಪಾಸು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಎರಡು ಸೀಮೆಹಸು ಕಟ್ಟಿಕೊಂಡು, ಕೈಯಲ್ಲಿ ಹುಲ್ಲು ಕೊಯ್ದು, ಯಾರ ಹಂಗಿಗೂ ಹೋಗದೆ ಬದುಕಿದವರು. ಅವರ ಹಾಲಿನ ಫ್ಯಾಟು ಎಂದೂ ನಾಲ್ಕಕ್ಕೆ ಕಡಿಮೆ ಬಂದದ್ದಿಲ್ಲ. ಅದು ಅವರಿಗಿದ್ದ ಒಂದೇ ಜಂಬ. ಹೊಸ ಕಂಪ್ಯೂಟರ್ ಬಂದ ಮಾರನೆಯ ಬೆಳಿಗ್ಗೆಯಿಂದ ಅದು ಎರಡೂವರೆಗೆ ಬಿತ್ತು.

ಮೊದಲ ವಾರ ಸಾಲಿನವರು ತಮಾಷೆ ಮಾಡಿದರು. ಎರಡನೆಯ ವಾರ ಸಂಘದ ಕಾರ್ಯದರ್ಶಿ ಶಿವಣ್ಣ, ‘ಅಮ್ಮ, ಒಸಿ ನೋಡ್ಕಂಡು ತನ್ನಿ’ ಎಂದ. ಮೂರನೆಯ ವಾರ ನೋಟಿಸು ಬೋರ್ಡಿನಲ್ಲಿ ಹೆಸರು ಬಂತು. ಆಮೇಲೆ ಹಾಲನ್ನೇ ವಾಪಸು ಕಳಿಸತೊಡಗಿದರು. ಅಷ್ಟರಲ್ಲಿ ಊರು ಅವರಿಗೊಂದು ಹೆಸರು ಇಟ್ಟಾಗಿತ್ತು. ನೀರಮ್ಮ. ಎದುರಿಗೇ ಹಾಗೆ ಕರೆಯಲು ಶುರು ಮಾಡಿದವರಲ್ಲಿ ಮೊದಲಿಗಳು ಜಯಮ್ಮ. ಆಕೆಯ ಹಾಲೋ, ಅದುವರೆಗೆ ಸಾಧಾರಣ ಇದ್ದದ್ದು, ಇದ್ದಕ್ಕಿದ್ದಂತೆ ಊರಿಗೇ ಮೇಲಾಗಿ ಹೋಗಿತ್ತು. ನಂಜೇಗೌಡರ ಹಾಲೂ ಅಷ್ಟೇ, ಹಿಂದೆ ಯಾವಾಗಲೂ ಎರಡೂವರೆ ಮೂರರ ನಡುವೆ ಹೊಯ್ದಾಡುತ್ತಿದ್ದದ್ದು ಈಗ ನಾಲ್ಕರ ಮೇಲೆ ಗಟ್ಟಿಯಾಗಿ ನಿಂತಿತ್ತು. ‘ಹೊಸ ಕಂಪ್ಯೂಟರು ಭಾಳ ಕರೆಕ್ಟು’ ಎಂದು ಗೌಡರು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಚಿಕ್ಕತಾಯಮ್ಮ ಸುಮ್ಮನೆ ಕೂರುವವರಲ್ಲ. ‘ಬನ್ನಿ ನಮ್ಮ ಕೊಟ್ಗೆಗೆ. ನಿಮ್ ಕಣ್ಮುಂದೆ ಕರೀತೀನಿ’ ಎಂದು ಸವಾಲು ಹಾಕಿದರು. ಗೌಡರ ಮುಂದಾಳತ್ವದಲ್ಲಿ ನಾಲ್ಕು ಜನ ದೊಡ್ಡ ಮನುಷ್ಯರು ಹೋಗಿ ಕೊಟ್ಟಿಗೆಯಲ್ಲಿ ಕೂತು ಕರೆಸಿದರು. ತಾವೇ ಕ್ಯಾನು ಹೊತ್ತು ತಂದರು. ತಂದು ಏನು ಮಾಡಿದರು? ಸಾಲು ಮುರಿಯಬಾರದಲ್ಲ, ಗೌಡರ ಕ್ಯಾನಿನ ಹಿಂದೆ ಅವರ ಜಾಗದಲ್ಲೇ ಇಟ್ಟರು. ಮತ್ತೆ ಎರಡೂವರೆ. ತಮ್ಮ ಕಣ್ಣೆದುರೇ ಕರೆದ ಹಾಲು ಹೀಗೆ ಹೇಗಾಯಿತು ಎಂದು ಒಬ್ಬನಾದರೂ ಕೇಳಬೇಕೋ ಬೇಡವೋ? ಕೇಳಲಿಲ್ಲ. ‘ಹಸುಗೆ ಉಪ್ಪು ತಿನ್ಸಿ ಬಿಂದ್ಗೆಗಟ್ಲೆ ನೀರು ಕುಡುಸ್ತಾಳೆ ಕಣ್ಲಾ, ಕೆಚ್ಚಲಿಂದ್ಲೇ ನೀರು ಇಳೀತದೆ’ ಎಂದು ತೀರ್ಮಾನವಾಯಿತು. ಇದನ್ನು ಹೇಳಿದವರು ಹುಟ್ಟಿದಾಗಿನಿಂದ ಹಸು ಸಾಕಿದವರು. ಕಂಪ್ಯೂಟರಿನ ಮೇಲಿನ ನಂಬಿಕೆ ಮನುಷ್ಯನ ತಲೆಯನ್ನು ಎಷ್ಟು ಬೇಗ ಖಾಲಿ ಮಾಡುತ್ತದೆಂದು ನಾನು ನೋಡಿದ್ದು ಆಗಲೇ.

ಸಂಕ್ರಾಂತಿ ಕಳೆದ ಮೇಲಿನ ಸಭೆಯಲ್ಲಿ ಅವರ ಸದಸ್ಯತ್ವ ತೆಗೆಯುವುದೆಂದು ಮಾತಾಯಿತು. ಆಗ ಚಿಕ್ಕತಾಯಮ್ಮನೇ ಶಿವಣ್ಣನ ಹಿಂದೆ ಬಿದ್ದು ನನಗೆ ಫೋನು ಮಾಡಿಸಿದರು. ನಾನು ಹೋದದ್ದು ಮಧ್ಯಾಹ್ನ. ಮಾಗಿಯ ಬಿಸಿಲು ಹಿತವಾಗಿತ್ತು, ಸಂಘದ ಕೋಣೆಯಲ್ಲಿ ಶಿವಣ್ಣ ತೂಕಡಿಸುತ್ತಿದ್ದ. ಕಂಪ್ಯೂಟರ್ ಹಾಕಿಸಿ, ಚಿಕ್ಕತಾಯಮ್ಮ ತಂದಿದ್ದ ಹಾಲನ್ನು ಯಂತ್ರಕ್ಕೆ ಕೊಟ್ಟೆ. ನಾಲ್ಕೂ ಮೂರು ಬಂತು, ಅಂದರೆ ನಾಲ್ಕು ಪಾಯಿಂಟು ಮೂರು.

‘ನೋಡಿ, ಎಲ್ಲ ಸರಿಯಾಗಿಯೇ ಇದೆಯಲ್ಲ. ಮಿಷೀನು ಸುಳ್ಳು ಹೇಳಲ್ಲ ಅಮ್ಮ’ ಎಂದೆ.

‘ಹಂಗಾರೆ ಬೆಳಿಗ್ಗೆ ಯಾಕೆ ಹಂಗಂತದೆ?’

‘ಬೆಳಿಗ್ಗೆ ನೀವು ಏನು ತರುತ್ತೀರೋ ನನಗೇನು ಗೊತ್ತು?’

ಅವರ ಮುಖ ಬಿಗಿಯಿತು. ಆದರೂ ತಡೆದುಕೊಂಡು ಹತ್ತಿರ ಬಂದರು. ‘ಸಾಬ್ರೆ, ಒಂದ್ ಮಾತು ಹೇಳ್ತೀನಿ, ನಗ್‌ಬ್ಯಾಡಿ. ದೀಪಾವಳಿ ಆದ್ಮೇಲೆ ಒಂದಿನ ಗೌಡ್ರ ಮನೆ ಹಾಲು ಬರ್ನಿಲ್ಲ, ಅವ್ರ ಮನೇಲಿ ಬೀಗ್ರೂಟ ಇತ್ತು. ಅವತ್ತು ನಂದು ನಾಲ್ಕೂ ಎರಡು ಬಂತು. ಮಾರ್ನೆ ದಿನ ಅವ್ರು ಬಂದ್ರು, ನಂದು ಮತ್ತೆ ಬಿದ್ದೋಯ್ತು. ಅದ್ಯಾಕೆ ಅಂತ ಒಸಿ ನೋಡಿ.’

ನಾನು ನಕ್ಕೆ. ನಗಬೇಡಿ ಎಂದು ಕೇಳಿಕೊಂಡಿದ್ದರೂ ನಕ್ಕೆ. ‘ಗೌಡರ ಹಾಲಿಗೂ ನಿಮ್ಮ ಹಾಲಿಗೂ ಏನಮ್ಮ ನಂಟು? ದೃಷ್ಟಿ ಗಿಷ್ಟಿ ಆಗಿದ್ದರೆ ತೆಗೆಸಿಕೊಳ್ಳಿ’ ಎಂದೆ.

‘ನಾನು ದೃಷ್ಟಿ ಮಾತಾಡ್ನಿಲ್ಲ ಕಣಪ್ಪ. ಕಂಡಿದ್ದು ಹೇಳ್ದೆ’ ಎಂದು ಹಾಲಿನ ಚೊಂಬು ಎತ್ತಿಕೊಂಡು ಹೊರಟುಹೋದರು. ಶಿವಣ್ಣ ಕಣ್ಣು ಮಿಟುಕಿಸಿದ. ನಾನೂ ಮಿಟುಕಿಸಿದೆ. ಊರಿನವರನ್ನು ಇಷ್ಟು ಹೊತ್ತು ದಡ್ಡರು ಎಂದು ಬೈದೆನಲ್ಲ, ಅವರ ಪಕ್ಕದಲ್ಲಿ ನನಗೂ ಒಂದು ಮಣೆ ಹಾಕಿ.

ಎರಡು ವಾರ ಕಳೆದು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಗೆ ಹೋಗಿದ್ದೆ. ಬೋಲ್ಟು ತೂಗುವ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಬೇಕಿತ್ತು. ಅಲ್ಲೂ ಅದೇ ನೀಲಿ ಡಬ್ಬಿ. ಮೊದಲು ಯಂತ್ರ ಸರಿಯಿದೆಯೇ ಎಂದು ಒಂದು ಡಬ್ಬ ಬೋಲ್ಟು ಇಟ್ಟು ತೂಗಿದೆ, ಹನ್ನೆರಡು ಕಿಲೋ ಇತ್ತು. ಆಮೇಲೆ ಕಂಪ್ಯೂಟರಿನಲ್ಲಿ ಪ್ರೋಗ್ರಾಮ್ ತೆರೆದೆ. ತೂಗಲು ಕೈಗೆ ಬೇರೇನೂ ಸಿಗದೆ ಕುಡಿಯುತ್ತಿದ್ದ ಟೀ ಲೋಟವನ್ನೇ ಇಟ್ಟೆ. ಟೀ ಲೋಟ ಹನ್ನೆರಡು ಕಿಲೋ ಎಂದು ಬಂತು. ಲೋಟ ತೆಗೆದು ಸುತ್ತಿಗೆ ಇಟ್ಟೆ. ಸುತ್ತಿಗೆಯ ತೂಕ ಎಂದು ಟೀ ಲೋಟದ ತೂಕ ತೋರಿಸಿತು. ಒಂದು ಹೆಜ್ಜೆ ಹಿಂದೆ. ಮೊದಲು ಇಟ್ಟದ್ದರ ತೂಕ ಆಮೇಲೆ ಇಟ್ಟದ್ದರ ತಲೆಗೆ.

‘ಗೌಡ್ರ ಮನೆ ಹಾಲು ಬರ್ನಿಲ್ಲ.’ ಆ ಹೆಂಗಸಿನ ದನಿ ಕಿವಿಯಲ್ಲೇ ಕೇಳಿಸಿತು.

ನಡೆದದ್ದು ಇಷ್ಟೇ. ದಿನಾ ಬೆಳಿಗ್ಗೆ ಶಿವಣ್ಣ ಹಿಂದಿನ ಸಂಜೆಯ ಬೆರಕೆ ಹಾಲನ್ನು ಸೀಸೆಯಲ್ಲಿ ಉಳಿಸಿಕೊಂಡಿದ್ದು, ಯಂತ್ರ ಸರಿಯಿದೆಯೇ ಎಂದು ಮೊದಲು ಅದನ್ನು ಪರೀಕ್ಷೆ ಮಾಡುತ್ತಿದ್ದ. ಆಮೇಲೆ ಪ್ರೋಗ್ರಾಮ್ ತೆರೆಯುತ್ತಿದ್ದ. ಪ್ರೋಗ್ರಾಮ್ ತೆರೆದ ಕೂಡಲೇ ಹಳೆಯ ಅಂಕಿಯನ್ನು ಎಸೆ ಎಂದು ಡಬ್ಬಿಗೆ ಹೇಳುತ್ತದೆ. ನಕಲಿ ಚಿಪ್ ಹೂಂ ಎನ್ನುತ್ತಿತ್ತು, ಎಸೆಯುತ್ತಿರಲಿಲ್ಲ. ಹಾಗಾಗಿ ಸೀಸೆಯ ಹಾಲಿನ ಅಂಕಿ ಮರಿಯಣ್ಣನಿಗೆ, ಮರಿಯಣ್ಣನ ಒಳ್ಳೆಯ ಹಾಲಿನ ಅಂಕಿ ನಂಜೇಗೌಡರಿಗೆ, ಗೌಡರ ನೀರುಹಾಲಿನ ಅಂಕಿ ಚಿಕ್ಕತಾಯಮ್ಮನಿಗೆ, ಚಿಕ್ಕತಾಯಮ್ಮನ ಗಟ್ಟಿ ಹಾಲಿನ ಅಂಕಿ ಜಯಮ್ಮನಿಗೆ. ಕೊನೆಯಲ್ಲಿ ನಿಂತವನ ಅಂಕಿ ಯಾರಿಗೂ ಇಲ್ಲ. ಮಧ್ಯಾಹ್ನ ನಾನು ನೋಡಿದಾಗ ಸೀಸೆಯ ಪರೀಕ್ಷೆ ಆಗಿರಲಿಲ್ಲ, ಅದಕ್ಕೇ ಎಲ್ಲ ಸರಿ ಬಂದಿತ್ತು. ಬೇರೆ ಊರಿನಲ್ಲಿ ಈ ತಪ್ಪು ದಿನಕ್ಕೊಬ್ಬರ ತಲೆಯ ಮೇಲೆ ಬಿದ್ದು ಚದುರಿ ಹೋಗುತ್ತಿತ್ತು. ಇಲ್ಲಿ ಸಾಲು ಕದಲುವುದಿಲ್ಲವಲ್ಲ, ಮೂರು ತಿಂಗಳು ಒಬ್ಬರ ತಲೆಯ ಮೇಲೇ ಬಿತ್ತು.

ಮ್ಯಾನೇಜರನಿಗೆ ಫೋನು ಮಾಡಿದೆ. ಅವನಿಗೆ ನಲವತ್ತು ಸಂಘ ಕಂಡಿತು, ಚಿಕ್ಕತಾಯಮ್ಮ ಕಾಣಲಿಲ್ಲ. ‘ಬೇರೆ ಕನ್ವರ್ಟರ್ ಕಳಿಸ್ತೀನಿ, ಸದ್ದಿಲ್ದೆ ಬದಲಾಯಿಸಿ. ಬಾಯಿ ಬಿಟ್ರೆ ನಿಮ್ಮ ಸಹಿ ಇರೋ ಕಾಗದ ನನ್ ಹತ್ರ ಐತೆ’ ಎಂದ. ನನ್ನ ಸಹಿ. ನಲವತ್ತು ಕಡೆ. ಮಾರನೆಯ ಮಧ್ಯಾಹ್ನವೇ ಹೋಗಿ ಆ ಹಳ್ಳಿಯ ಡಬ್ಬಿ ಬದಲಾಯಿಸಿದೆ. ಶಿವಣ್ಣನಿಗೆ ಗುಟ್ಟಾಗಿ ಹೇಳಿದೆ. ಅವನು ಗಲ್ಲ ಕೆರೆದುಕೊಂಡು, ‘ಗೌಡ್ರಿಗೆ ಗೊತ್ತಾದ್ರೆ ನನ್ ಕೆಲ್ಸ ಹೋಯ್ತದೆ, ಸುಮ್ಕಿರಿ ಸಾಬ್ರೆ. ನಾಳೆಯಿಂದ ಅಮ್ಮಂದು ಸರಿ ಬತ್ತದೆ, ಅಷ್ಟು ಸಾಲ್ದಾ?’ ಎಂದ. ಸಾಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು.

ಎಂಟನೆಯ ದಿನ ಶಿವಣ್ಣನ ಫೋನು ಬಂತು. ನಗುತ್ತಲೇ ಮಾತಾಡಿದ. ಚಿಕ್ಕತಾಯಮ್ಮನ ಹಾಲು ನಾಲ್ಕೂ ಮೂರಕ್ಕೆ ಏರಿತ್ತು. ಅದನ್ನು ನೋಡಿ ಊರು ಹೇಳಿದ್ದೇನೆಂದರೆ, ‘ನೋಡಿದ್ರಾ, ನೋಟಿಸ್ ಕೊಟ್ಟು ಹೆದ್ರುಸಿದ್ಮೇಲೆ ನೀರು ನಿಲ್ಸವ್ಳೆ!’ ಇಷ್ಟು ದಿನ ಅನುಮಾನವಿದ್ದವರಿಗೂ ಈಗ ಖಾತ್ರಿಯಾಯಿತು. ಗೌಡರ ಹಾಲು ಎರಡೂವರೆಗೆ ಇಳಿದದ್ದಕ್ಕೆ ಮೇವು ಬದಲಾದದ್ದು ಕಾರಣವಂತೆ. ತನ್ನ ಹಾಲು ಇಳಿದದ್ದಕ್ಕೆ ಓರಗಿತ್ತಿಯ ಕೆಟ್ಟ ಕಣ್ಣು ಕಾರಣ ಎಂದು ಜಯಮ್ಮ ಬೀದಿಯಲ್ಲಿ ನಿಂತು ಶಾಪ ಹಾಕಿದಳಂತೆ.

‘ಗೌಡ್ರು ದೊಡ್ ಮನ್ಸು ಮಾಡವ್ರೆ’ ಎಂದ ಶಿವಣ್ಣ. ‘ಮೆಂಬರ್‌ಶಿಪ್ಪು ತೆಗ್ಯಲ್ವಂತೆ. ನೀರು ಬೆರೆಸಿದ್ದು ತಪ್ಪಾಯ್ತು, ಇನ್ಮೇಲೆ ಬೆರ್‌ಸಲ್ಲ ಅಂತ ಒಂದು ಕಾಗ್ದಕ್ಕೆ ಸೈನ್ ಹಾಕ್ಬುಟ್ರೆ ಸಾಕು. ನಾಳೆ ಬೆಳಿಗ್ಗೆ ಸಾಲ್ನಲ್ಲೇ ಹಾಕುಸ್ಬೇಕು ಅಂತವ್ರೆ. ನಾನೇ ಬರ್ದಿವ್ನಿ.’

‘ಹಾಕುತ್ತಾರಾ?’

‘ಹಾಕ್ದೆ ಹಾಲು ಎಲ್ಗೆ ಉಯ್ತಾರೆ?’

ನಾನು ಡಬ್ಬಿ ಬದಲಾಯಿಸಿ ಆ ಹೆಂಗಸನ್ನು ಉಳಿಸಿದೆ ಎಂದುಕೊಂಡಿದ್ದೆ. ಉಳಿಸಿರಲಿಲ್ಲ, ಅವರ ಮೇಲಿನ ಸುಳ್ಳಿಗೆ ಸಾಕ್ಷಿ ಒದಗಿಸಿದ್ದೆ. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಅದಕ್ಕೆ ಮುಂಚೆ ಎಂದೂ ಆಗಿರಲಿಲ್ಲ. ಕಿತ್ತು ತಂದಿದ್ದ ನೀಲಿ ಡಬ್ಬಿಯನ್ನು ಡ್ರಾಯರಿನಿಂದ ತೆಗೆದು ಜೇಬಿಗೆ ಹಾಕಿಕೊಂಡೆ.

ಮಾರನೆಯ ಬೆಳಿಗ್ಗೆ ಆರೂವರೆಗೆ ಹೋದೆ. ಮಂಜು ಇನ್ನೂ ಬಂಡೆಗಳ ಮೇಲೆ ಕೂತಿತ್ತು. ಸಾಲು ಸಂಘದ ಬಾಗಿಲಿನಿಂದ ಅರಳಿಕಟ್ಟೆಯವರೆಗೆ ಚಾಚಿತ್ತು. ಮೇಜಿನ ಮೇಲೆ ಕಾಗದ, ಅದರ ಮೇಲೆ ಪೆನ್ನು. ನಂಜೇಗೌಡರು ಮಫ್ಲರ್ ಸುತ್ತಿಕೊಂಡು ಮದುವೆ ಮನೆಯ ಯಜಮಾನರ ಹಾಗೆ ನಿಂತಿದ್ದರು. ಶಿವಣ್ಣ ನನ್ನನ್ನು ನೋಡಿ ಬಿಳಿಚಿಕೊಂಡ.

ನಾನು ಯಾರನ್ನೂ ಕೇಳಲಿಲ್ಲ. ಹೊಸ ಡಬ್ಬಿ ಕಿತ್ತು ಹಳೆಯದನ್ನು ಸಿಕ್ಕಿಸಿದೆ. ‘ದಿನಾ ಮಾಡುವ ಹಾಗೇ ಮಾಡು’ ಎಂದೆ. ಶಿವಣ್ಣ ಸೀಸೆಯ ಹಾಲನ್ನು ಪರೀಕ್ಷಿಸಿ ಪ್ರೋಗ್ರಾಮ್ ತೆರೆದ. ಮರಿಯಣ್ಣನ ಹಾಲು ಹಾಕಿಸಿದೆ. ಆಮೇಲೆ ಬೋರ್‌ವೆಲ್ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು ತಂದು, ಎಲ್ಲರಿಗೂ ತೋರಿಸಿ, ಯಂತ್ರಕ್ಕೆ ಕೊಟ್ಟೆ. ಪರದೆಯ ಮೇಲೆ ನಾಲ್ಕೂ ಎರಡು ಎಂದು ಬಂತು.

‘ಎಲಾ ಇವ್ನ, ನಮ್ಮೂರ ಬೋರ್‌ವೆಲ್ ನೀರ್ಗೆ ನಾಲ್ಕೂ ಎರಡು ಫ್ಯಾಟು!’ ಎಂದು ಹಿಂದಿನಿಂದ ಯಾರೋ ಕೂಗಿದರು. ಸಾಲು ನಕ್ಕಿತು.

‘ಏನ್ ಸಾಬ್ರೆ, ಸರ್ಕಸ್ ಮಾಡ್ತಿದೀರಾ?’ ಎಂದರು ಗೌಡರು.

‘ನಿಮ್ಮ ಹಾಲು ಹಾಕಿ ಗೌಡರೆ.’

ಅವರು ಹಾಕಲಿಲ್ಲ. ಮರಿಯಣ್ಣನೇ ಗೌಡರ ಕ್ಯಾನಿನಿಂದ ಒಂದು ಹುಟ್ಟು ಹಾಲು ತೆಗೆದು ಶಿವಣ್ಣನಿಗೆ ಕೊಟ್ಟರು. ಪರದೆ ಸೊನ್ನೆ ಎಂದಿತು. ಈಗ ನಗು ನಿಂತಿತು. ಕೊನೆಗೆ ಚಿಕ್ಕತಾಯಮ್ಮನ ಹಾಲು. ಎರಡೂವರೆ.

‘ಇದು ಗೌಡರ ಹಾಲಿನ ಅಂಕಿ’ ಎಂದೆ. ‘ಸೊನ್ನೆ ಬಂದದ್ದು ನಾನು ಕೊಟ್ಟ ನೀರಿಗೆ. ಈ ಹಳೆಯ ಡಬ್ಬಿಯಿಂದ ಮೂರು ತಿಂಗಳು ಎಲ್ಲರಿಗೂ ಮುಂದೆ ನಿಂತವರ ಅಂಕಿ ಬಂತು. ನಿಜವಾದದ್ದು ಆ ಗಾಜಿನಲ್ಲಿದೆ. ನಾನು ಒರೆಸುವಂತಿಲ್ಲ, ನೀವು ಯಾರಾದರೂ ಒರೆಸಿ ನೋಡಿ.’

ಯಾರೂ ಮುಂದೆ ಬರಲಿಲ್ಲ. ಚಿಕ್ಕತಾಯಮ್ಮ ಬಂದರು. ಸೆರಗಿನ ಚುಂಗಿನಿಂದ, ಗಟ್ಟಿಯಾಗಿ ಮೆತ್ತಿದ್ದ ಕುಂಕುಮ ವಿಭೂತಿಯನ್ನು ಒರೆಸಿದರು. ಒಳಗೆ ಹಸಿರು ಅಂಕಿ ಉರಿಯುತ್ತಿತ್ತು. ನಾಲ್ಕೂ ಮೂರು. ಮರಿಯಣ್ಣ ಬಗ್ಗಿ ನೋಡಿ ಅದನ್ನು ಜೋರಾಗಿ ಓದಿದರು. ಜಯಮ್ಮ ತನ್ನ ಕ್ಯಾನಿನ ಮುಚ್ಚಳವನ್ನು ತೆಗೆದು ಮುಚ್ಚಿ, ತೆಗೆದು ಮುಚ್ಚಿ ಮಾಡುತ್ತಿದ್ದಳು.

ನಂಜೇಗೌಡರು ಮಫ್ಲರ್ ಸರಿಮಾಡಿಕೊಂಡರು. ‘ಸರಿ ಬುಡಿ. ಮಿಷೀನಿನ ತಪ್ಪು. ಯಾರ್ ತಪ್ಪೂ ಅಲ್ಲ. ಆಗಿದ್ ಆಗೋಯ್ತು’ ಎಂದರು. ಸಾಲಿನಲ್ಲಿ ಎಷ್ಟೋ ತಲೆಗಳು ಸಮಾಧಾನದಿಂದ ಅಲ್ಲಾಡಿದವು. ಇಷ್ಟು ಬೇಗ ತಪ್ಪಿನಿಂದ ಕಳಚಿಕೊಳ್ಳುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

‘ಮಿಷೀನು ಎರಡೂವರೆ ಅಂತು, ಅಷ್ಟೆ. ನೀರಮ್ಮ ಅಂದೋರು ನೀವು’ ಎಂದರು ಚಿಕ್ಕತಾಯಮ್ಮ. ಮೇಜಿನ ಮೇಲಿದ್ದ ಕಾಗದ ಎತ್ತಿ ಗೌಡರ ಕೈಗೆ ಕೊಟ್ಟರು. ‘ತಕಳಿ. ಹೆಸ್ರು ಒಸಿ ತಿದ್ದಿ ನೀವೇ ಸೈನ್ ಹಾಕಿ.’

ಗೌಡರು ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. ನನಗೆ ಒಳಗೊಳಗೇ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಈಗ ಆಕೆ ನನ್ನ ಕಡೆ ತಿರುಗಿ ಕೈಮುಗಿಯಬಹುದು ಎಂದುಕೊಂಡೆ. ಕಂಪನಿಯ ಕೆಲಸ ಹೋಗುವುದು ಖಂಡಿತವಿತ್ತು, ಹೋಯಿತು ಕೂಡ. ಅಷ್ಟು ಕಳೆದುಕೊಂಡು ಬಂದವನಿಗೆ ಅಷ್ಟಾದರೂ ಬೇಡವೇ?

ಚಿಕ್ಕತಾಯಮ್ಮ ತಿರುಗಿದರು. ‘ನಿಂಗಿದು ಯಾವತ್ತು ಗೊತ್ತಾಯ್ತಪ್ಪ?’

‘ಒಂಬತ್ತು ಹತ್ತು ದಿನ ಆಯಿತು.’

ಅವರು ಮನಸ್ಸಿನಲ್ಲೇ ಎಣಿಸಿದರು. ‘ಹೋದ್ ಭಾನುವಾರ ನಮ್ಮಣ್ಣನ ಸೊಸೆ ಸೀಮಂತ ಇತ್ತು. ನಾನೇ ಹೆಪ್ಪಾಕಿ ಒಂದ್ ಗಡಿಗೆ ಮೊಸ್ರು ತಕಂಡೋಗಿದ್ದೆ. ಒಬ್ರೂ ಎಲೆಗೆ ಹಾಕುಸ್ಕಳ್ನಿಲ್ಲ. ಹಂಗೇ ಹೊತ್ಕಂಡು ವಾಪಸ್ ಬಂದೆ. ಅವತ್ತು ನಿಂಗೆ ಗೊತ್ತಿತ್ತಾ?’

‘ಗೊತ್ತಿತ್ತು ಅಮ್ಮ’ ಎಂದೆ.

ಅವರು ಬೈಯಲಿಲ್ಲ. ನನ್ನನ್ನು ದಾಟಿಕೊಂಡು ಹೋಗಿ, ಕ್ಯಾನು ಎತ್ತಿ ತೂಕದ ಮೇಲೆ ಇಟ್ಟು ಶಿವಣ್ಣನಿಗೆ ಹೇಳಿದರು. ‘ನಂದು ಬರ್ಕೊ. ನಾಲ್ಕೂ ಮೂರು.’